ಕಮಿಷನ್ ತಿಂದ ಖಾಸಗಿ ನೌಕರನಿಗೆ ಜೈಲಾಗಬೇಕೇ?

ಶೆಟ್ಟಿ, ಬೈಕಂಪಾಡಿ:
ನನಗೆ ಗೊತ್ತಿರುವ ಗೇರುಬೀಜ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸುವ ನೌಕರ ಏಜೆಂಟನಿಂದ ಲೋಡಿಗೆ ಇಷ್ಟೆಂದು ಪಡೆಯುತ್ತಿದ್ದ. ಸಿಕ್ಕಿಬಿದ್ದ, ಧಣಿಗಳು ಮನೆಗೆ ಕಳುಹಿಸಿದರು. ಠಾಣೆಯಲ್ಲಿ ವಿಚಾರಿಸಿದರೆ ‘ಅದು ನಿಮ್ಮ ಒಳಗಿನ ವಿಚಾರ’ ಎಂದರಂತೆ. ಗ್ರಾಮ ಲೆಕ್ಕಿಗ ಐನೂರು ರೂಪಾಯಿ ಮುಟ್ಟಿದರೆ ಲೋಕಾಯುಕ್ತದವರು ಕೈ ತೊಳೆಸಿ ನೀರಿನ ಬಣ್ಣ ನೋಡುತ್ತಾರೆ. ಇವನು ಲಕ್ಷಗಟ್ಟಲೆ ತಿಂದರೂ ಅಪರಾಧವಲ್ಲವೇ?

ಪೂಜಾರಿ, ಕಾರ್ಕಳ:
ಕೆಲಸ ಹೋಯಿತಲ್ಲ, ಇನ್ನೇನು ಬೇಕು ಮಾರಾಯರೇ? ಬಂದರಿನಿಂದ ಕಂಟೇನರ್ ಬೇಗ ಬಿಡಿಸಿಕೊಳ್ಳಲು ಧಣಿಗಳೇ ಕೈ ಬಿಸಿ ಮಾಡುವುದಿಲ್ಲವೇ? ಆಗ ಅದರ ಹೆಸರು ‘ಖರ್ಚು’.

ವಕೀಲ, ಉಡುಪಿ:
ಶೆಟ್ಟರೇ, ಲಂಚ ಎಂಬ ಹೆಸರಿನಲ್ಲಿ ಅದು ಅಪರಾಧವಲ್ಲ, ನಿಜ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಹಿಡಿಯುವುದು ಸಾರ್ವಜನಿಕ ನೌಕರನನ್ನು. 2018ರ ತಿದ್ದುಪಡಿಯಲ್ಲಿ ಲಂಚ ಕೊಡುವ ಕಂಪನಿಯೂ ಸೇರಿತು, ಆದರೆ ತೆಗೆದುಕೊಳ್ಳುವವನು ಆಗಲೂ ಸಾರ್ವಜನಿಕ ನೌಕರನೇ ಆಗಿರಬೇಕು. ವಿಚಿತ್ರವೆಂದರೆ ಖಾಸಗಿ ಬ್ಯಾಂಕಿನವರು ಇದರೊಳಗೆ ಬರುತ್ತಾರೆ. ಗ್ಲೋಬಲ್ ಟ್ರಸ್ಟ್ ಬ್ಯಾಂಕಿಗೆ ಸಂಬಂಧಿಸಿದ ರಮೇಶ್ ಗೆಲ್ಲಿ ಪ್ರಕರಣದಲ್ಲಿ, ಖಾಸಗಿ ಬ್ಯಾಂಕಿನ ಅಧಿಕಾರಿಗಳೂ ಈ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ನೌಕರರೇ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಸರಕಾರದ ನೆರವು ಪಡೆದ ಸಹಕಾರಿ ಸಂಘದ ಪದಾಧಿಕಾರಿಗಳೂ ಅಷ್ಟೇ. ಸಾಲು ಸಾಲಾಗಿ ಬ್ಯಾಂಕುಗಳನ್ನು ಹುಟ್ಟಿಸಿದ ಜಿಲ್ಲೆ ನಮ್ಮದು. ಬ್ಯಾಂಕಿನ ಕೌಂಟರಿನಲ್ಲಿ ಜೈಲಿಗೆ ದಾರಿಯಾಗುವ ಕೆಲಸ ಪಕ್ಕದ ಕಾರ್ಖಾನೆಯಲ್ಲಿ ಬರೀ ಶಿಸ್ತಿನ ಪ್ರಶ್ನೆಯಾಗುತ್ತದೆ.

ಕಾಮತ್, ನಿವೃತ್ತ ಸೂಪರ್‌ವೈಸರ್:
ಇದು ಲಂಚವೋ ಕಳ್ಳತನವೋ ಎಂದು ತಿಳಿಯಬೇಕಾದರೆ ಮಾಲು ಪರೀಕ್ಷಿಸುವ ಕಟಿಂಗ್ ಟೆಸ್ಟ್ ಹೇಗೆ ನಡೆಯುತ್ತದೆಂದು ನೋಡಬೇಕು. ಗೋಣಿಗಳಿಗೆ ಬಂಬು, ಅಂದರೆ ಮೊನೆಯಿರುವ ಕೊಳವೆ, ಚುಚ್ಚಿ ಬೀಜ ತೆಗೆದು, ಚೆನ್ನಾಗಿ ಬೆರೆಸಿ, ಅದರಲ್ಲಿ ಒಂದು ಕಿಲೋ ತೂಗಿ ಪ್ರತಿಯೊಂದು ಬೀಜವನ್ನೂ ಕೊಯ್ಯುತ್ತಾರೆ. ಒಳ್ಳೆಯ ತಿರುಳು ಒಂದು ಕಡೆ, ಕಲೆ ಬಿದ್ದದ್ದು ಒಂದು ಕಡೆ, ಹುಳು ಹಿಡಿದದ್ದು, ಪೊಳ್ಳು ಇನ್ನೊಂದು ಕಡೆ. ಒಳ್ಳೆಯದಕ್ಕೆ ಪೂರ್ತಿ ತೂಕ, ಕಲೆಯದ್ದಕ್ಕೆ ಅರ್ಧ, ಉಳಿದದ್ದಕ್ಕೆ ಸೊನ್ನೆ. ಆ ಗ್ರಾಂಗಳನ್ನು 80 ಕಿಲೋ ಗೋಣಿಗೆ ಎಷ್ಟು ಪೌಂಡ್ ಎಂದು ಪರಿವರ್ತಿಸಿದರೆ ಔಟ್‌ಟರ್ನ್ ಬಂತು. ವ್ಯಾಪಾರ ನಿಲ್ಲುವುದು ಆ ಒಂದು ಸಂಖ್ಯೆಯ ಮೇಲೆ.

261 ಗ್ರಾಂ ಬಂದರೆ 46 ಪೌಂಡ್, 272 ಬಂದರೆ 48. ನಡುವೆ ಇರುವುದು ಹನ್ನೊಂದೇ ಗ್ರಾಂ. ಹುಳುಕು ಬೀಜ ನಾಲ್ಕನ್ನು ಮೇಜಿನ ಕೆಳಗೆ ಬೀಳಿಸಿ ಅದರ ಬದಲು ಒಳ್ಳೆಯದು ನಾಲ್ಕು ಇಟ್ಟು, ಕಲೆಯದ್ದು ಸ್ವಲ್ಪವನ್ನು ಒಳ್ಳೆಯದರ ರಾಶಿಗೆ ತಳ್ಳಿದರೆ ಮುಗಿಯಿತು. ಸಾವಿರ ಗೋಣಿಯ ಲೆಕ್ಕದಲ್ಲಿ ಅದು 900 ಕಿಲೋಗಿಂತ ಹೆಚ್ಚು ತಿರುಳು, ಧಣಿ ದುಡ್ಡು ಕೊಟ್ಟೂ ಕಾಣದ ತಿರುಳು. ಆಮೇಲೆ ಬೈಗುಳ ಬೀಳುವುದು ಯಾರಿಗೆ? ‘ನೀವು ತುಂಡು ಮಾಡುತ್ತೀರಿ, ಮನೆಗೆ ಒಯ್ಯುತ್ತೀರಿ’ ಎಂದು ಸಿಪ್ಪೆ ತೆಗೆಯುವ ಹೆಂಗಸರಿಗೆ. ಪೂಜಾರಿಯವರೇ, ಕಾರ್ಮಿಕರ ಪರ ಮಾತಾಡುವಾಗ ಅವರನ್ನೂ ನೆನಪಿಟ್ಟುಕೊಳ್ಳಿ.

ವಕೀಲ, ಉಡುಪಿ:
ಕಾಮತರು ಹೇಳಿದ್ದು ನಿಜವಾದರೆ ಹೊಸ ಕಾನೂನಿಗೆ ಕಾಯಬೇಕಿಲ್ಲ. ಕಾನೂನಿನಿಂದಲೋ ಒಪ್ಪಂದದಿಂದಲೋ ಯಾರ ಹಿತ ಕಾಯಬೇಕೋ ಅವರಿಗೇ ನಷ್ಟವಾಗುತ್ತದೆಂದು ತಿಳಿದು ವಂಚಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 318(3)ರಲ್ಲಿ 5 ವರ್ಷದವರೆಗೆ ಶಿಕ್ಷೆಯಿದೆ. ನೌಕರನ ನಂಬಿಕೆ ದ್ರೋಹಕ್ಕೆ 316(4)ರಲ್ಲಿ 7 ವರ್ಷದವರೆಗೆ. ಇದು ಸ್ವಲ್ಪ ಕಷ್ಟ, ಧಣಿಯ ಸ್ವತ್ತು ಅವನ ವಶದಲ್ಲಿತ್ತೆಂದು ತೋರಿಸಬೇಕು. ಏಜೆಂಟ್ ಕೊಟ್ಟ ದುಡ್ಡು ಧಣಿಯ ಸ್ವತ್ತಲ್ಲ. ಕಂಪನಿ ಕಾಯ್ದೆಯ 447 ಇನ್ನೂ ಖಾರ, 10 ವರ್ಷದವರೆಗೆ ಹೋಗುತ್ತದೆ. ಆದರೆ ಪಾಲುದಾರಿಕೆಯಲ್ಲಿ ನಡೆಯುವ ಕಾರ್ಖಾನೆಗೆ ಅದು ದಕ್ಕುವುದಿಲ್ಲ.

ನಾಯಕ್, ಡಬ್ಬ ಪೂರೈಕೆದಾರ:
ನನ್ನದು ಬೇರೆ ಕಥೆ. ನಾನು ಕೊಡುವ ಡಬ್ಬ ಒಳ್ಳೆಯದು, ದರ ಪೇಟೆಯದೇ. ಆದರೂ ಖರೀದಿ ವಿಭಾಗದವನಿಗೆ ಡಬ್ಬಕ್ಕೆ ಇಷ್ಟೆಂದು ಕೊಡದಿದ್ದರೆ ಬಿಲ್ಲು ಮೂರು ತಿಂಗಳು ಕಪಾಟಿನಲ್ಲಿ ಮಲಗಿರುತ್ತದೆ. ಧಣಿಗೆ ಒಂದು ಪೈಸೆ ನಷ್ಟವಿಲ್ಲ. ನಷ್ಟವೆಲ್ಲ ನನ್ನದು. ಇದು ಯಾವ ಕಲಮಿನಲ್ಲಿ ಬರುತ್ತದೆ?

ವಕೀಲ, ಉಡುಪಿ:
ನಾಯಕರೇ, ತೂತು ಇರುವುದು ಅಲ್ಲಿಯೇ. ವಂಚನೆಯೂ ನಷ್ಟವೂ ಕಾಣದಿದ್ದರೆ ಇಂದಿನ ಕಾನೂನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬ್ರಿಟನ್ನಿನ 2010ರ ಲಂಚ ಕಾಯ್ದೆಯಲ್ಲಿ ಸರಕಾರಿ, ಖಾಸಗಿ ಎಂಬ ಭೇದವೇ ಇಲ್ಲ, ಗರಿಷ್ಠ 10 ವರ್ಷ. ಭ್ರಷ್ಟಾಚಾರದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ನಾವು 2011ರಲ್ಲಿ ಅನುಮೋದಿಸಿದೆವು. ಅದರ 21ನೆಯ ವಿಧಿ ಖಾಸಗಿ ಲಂಚದ ಬಗ್ಗೆಯೇ ಇದೆ, ಆದರೆ ‘ಪರಿಶೀಲಿಸಿ’ ಎನ್ನುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ನಾವು ಪರಿಶೀಲಿಸುತ್ತಲೇ ಇದ್ದೇವೆ.

ಪೂಜಾರಿ, ಕಾರ್ಕಳ:
ಕಾಮತರ ಮಾತಿಗೆ ಒಪ್ಪಿಗೆ, ಆ ಹೆಂಗಸರ ಮೇಲಿನ ಅಪವಾದ ನಾನೂ ಕೇಳಿದ್ದೇನೆ. ನನ್ನ ಭಯ ಬೇರೆ. ನೈತಿಕ ಅಧಃಪತನದ ಅಪರಾಧವೆಂದು ಕೆಲಸದಿಂದ ತೆಗೆದರೆ ಗ್ರಾಚ್ಯುಟಿ ಮುಟ್ಟುಗೋಲು ಹಾಕಬಹುದು, ಅದಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಗಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಿರುವಾಗ ಏಜೆಂಟ್ ದೀಪಾವಳಿಗೆ ಕೊಟ್ಟ ಸಿಹಿ ಡಬ್ಬ, ಮಗಳ ಮದುವೆಗೆ ಕೊಟ್ಟ ಉಡುಗೊರೆ ಎಲ್ಲವೂ ಇಪ್ಪತ್ತೈದು ವರ್ಷ ದುಡಿದವನ ಮೇಲೆ ಅಸ್ತ್ರವಾಗುತ್ತದೆ. ಧಣಿಗೆ ಆಗದವನನ್ನು ಹೊರಹಾಕಲು ಇದಕ್ಕಿಂತ ಸುಲಭದ ದಾರಿ ಬೇಕೇ?

ಶೆಟ್ಟಿ, ಬೈಕಂಪಾಡಿ:
ಸಿಹಿ ಡಬ್ಬಕ್ಕೂ ಲೋಡಿಗೆ ಇಷ್ಟು ಎಂಬುದಕ್ಕೂ ವ್ಯತ್ಯಾಸ ನ್ಯಾಯಾಧೀಶರಿಗೆ ತಿಳಿಯದೇ?

ಪೂಜಾರಿ, ಕಾರ್ಕಳ:
ನ್ಯಾಯಾಧೀಶರ ಮುಂದೆ ಹೋಗುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ. ಕಾನೂನು ಮಾಡುವುದಾದರೆ ಧಣಿಗೆ ತಿಳಿಸದೆ ಮುಚ್ಚಿಟ್ಟು ತೆಗೆದುಕೊಂಡದ್ದನ್ನು ಮಾತ್ರ ಅಪರಾಧ ಮಾಡಲಿ, ಕೊಟ್ಟವನನ್ನೂ ಅದೇ ಕಟಕಟೆಗೆ ತರಲಿ. ಅಷ್ಟಾದರೆ ನನ್ನ ವಿರೋಧವಿಲ್ಲ.

ನಾಯಕ್, ಡಬ್ಬ ಪೂರೈಕೆದಾರ:
ಕೊಟ್ಟವನು ಎಂದರೆ ನಾನೇ ಅಲ್ಲವೇ! ಕೊಡದಿದ್ದರೆ ಬಿಲ್ಲು ಇಲ್ಲ, ಕೊಟ್ಟರೆ ಜೈಲು.

ವಕೀಲ, ಉಡುಪಿ:
ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಒತ್ತಾಯಕ್ಕೆ ಕೊಟ್ಟವನು 7 ದಿನದೊಳಗೆ ತಿಳಿಸಿದರೆ ಪಾರಾಗುತ್ತಾನೆ. ಖಾಸಗಿ ಲಂಚಕ್ಕೆ ಕಾನೂನು ಬಂದರೆ ಆ ರಕ್ಷಣೆಯನ್ನೂ ಎತ್ತಿಕೊಂಡು ಬರಬೇಕು, ಇಲ್ಲದಿದ್ದರೆ ಸಾಕ್ಷಿ ಹೇಳುವವರೇ ಇರುವುದಿಲ್ಲ. ಈಗಂತೂ ಧಣಿಗೆ ನೇರವಾಗಿ ಪತ್ರ ಬರೆಯಿರಿ, ಬಿಲ್ಲು ಕೊಟ್ಟ ದಿನಾಂಕ ಮತ್ತು ಪಾವತಿಯಾದ ದಿನಾಂಕ ಎರಡನ್ನೂ ಹಾಕಿ. ಶೆಟ್ಟರೇ, ನಿಮ್ಮವರ ಹತ್ತಿರ ಆ ಕಟಿಂಗ್ ವರದಿಗಳು ಉಳಿದಿವೆಯೇ?

ಶೆಟ್ಟಿ, ಬೈಕಂಪಾಡಿ:
ವರದಿ ಉಳಿದಿದೆ, ಕೊಯ್ದ ಸ್ಯಾಂಪಲ್ ಉಳಿದಿಲ್ಲ.

ಕಾಮತ್, ನಿವೃತ್ತ ಸೂಪರ್‌ವೈಸರ್:
ಸ್ಯಾಂಪಲ್ ಬೇಡ. ಅದೇ ಲೋಡುಗಳಿಂದ ನಿಜವಾಗಿ ಎಷ್ಟು ತಿರುಳು ಡಬ್ಬಕ್ಕೆ ಹೋಯಿತೆಂದು ಪ್ಯಾಕಿಂಗ್ ರಿಜಿಸ್ಟರಿನಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ವಕೀಲರಿಗೆ ಕೊಡಿ. ಬೇರೆ ಏಜೆಂಟರ ಮಾಲಿನ ಲೆಕ್ಕವನ್ನೂ ಜೊತೆಗೆ ಕೊಡಿ, ಇಲ್ಲದಿದ್ದರೆ ಆ ನೌಕರನೂ ತಪ್ಪನ್ನು ಹೆಂಗಸರ ಮೇಲೆಯೇ ಹಾಕುತ್ತಾನೆ.