ಪ್ರತಿ ಬೆಳೆಗಾರರ ಕೊನೇ ಮೂರು ಬಿಲ್ ಮಾತ್ರ ತೆಗೆಯೋದು ಹೇಗೆ?

ಕೇಳಿದವರು, ಚಿಕ್ಕಮಗಳೂರು:
ಕಾಫಿ ಖರೀದಿ ಮಾಡೋ ಅಂಗಡಿಗೆ ಸಾಫ್ಟ್‌ವೇರ್ ಬರೀತಿದೀನಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಒಬ್ಬೊಬ್ಬ ಬೆಳೆಗಾರರ ಕೊನೇ ಮೂರು ಬಿಲ್ ಬೇಕು. ಲಿಮಿಟ್ 3 ಹಾಕಿದ್ರೆ ಇಡೀ ಪಟ್ಟಿಗೇ ಮೂರು ಸಾಲು ಬರುತ್ತೆ. ಲೂಪ್‌ನಲ್ಲಿ ಒಬ್ಬೊಬ್ಬರಿಗೂ ಕ್ವೆರಿ ಓಡಿಸಿದ್ರೆ ಪೇಜ್ ತೆರೆಯೋದೇ ಇಲ್ಲ. ಮಾಡಿ ನೋಡಿದೋರು ಹೇಳಿ.

ಹಾಸನದಿಂದ:
ಮೊದ್ಲು ವರ್ಷನ್ ನೋಡ್ಕೊಳ್ಳಿ ಸರ್. 8.0 ಅಥವಾ ಅದಕ್ಕಿಂತ ಹೊಸದಿದ್ರೆ ವಿಂಡೋ ಫಂಕ್ಷನ್ ಸಿಗುತ್ತೆ, ಅಂದ್ರೆ ಸಾಲುಗಳನ್ನ ಗುಂಪು ಮಾಡಿ ಗುಂಪಿನೊಳಗೇ ನಂಬರ್ ಹಾಕೋ ಥರದ ಲೆಕ್ಕ. ಒಳಗಿನ ಕ್ವೆರಿಯಲ್ಲಿ ರೋ_ನಂಬರ್() ಓವರ್ (ಪಾರ್ಟಿಷನ್ ಬೈ ಬೆಳೆಗಾರ_ಐಡಿ ಆರ್ಡರ್ ಬೈ ದಿನಾಂಕ ಡೆಸ್ಕ್, ಬಿಲ್_ನಂ ಡೆಸ್ಕ್) ಅಂತ ಬರೆದು (ಡೆಸ್ಕ್ ಅಂದ್ರೆ ಹೊಸದು ಮೊದಲು), ಹೊರಗಿನ ವೇರ್‌ನಲ್ಲಿ ಆ ನಂಬರ್ 3 ದಾಟದ ಸಾಲುಗಳನ್ನ ಇಟ್ಕೊಳ್ಳಿ. ಒಂದೇ ಕ್ವೆರಿಯಲ್ಲಿ ಆಗಲ್ಲ, ಯಾಕಂದ್ರೆ ವೇರ್ ಮುಗಿದ ಮೇಲೇ ವಿಂಡೋ ಲೆಕ್ಕ ಶುರು.

ಬಿಲ್ ನಂಬರ್ ಮರೀಬೇಡಿ. ಕುಯ್ಲಿನ ಹೊತ್ತಲ್ಲಿ ಒಬ್ಬರೇ ಬೆಳಗ್ಗೆ ಅರೇಬಿಕಾ ಪಾರ್ಚ್‌ಮೆಂಟ್, ಸಾಯಂಕಾಲ ರೋಬಸ್ಟಾ ಚೆರಿ ತಂದು ಹಾಕ್ತಾರೆ, ಎರಡಕ್ಕೂ ದಿನಾಂಕ ಒಂದೇ. ಬರೀ ದಿನಾಂಕ ಕೊಟ್ರೆ ಮೂರನೇದು ಯಾವುದು ಅನ್ನೋದು ಡೇಟಾಬೇಸ್ ಮರ್ಜಿ. ಅದೇ ಜಾಗದಲ್ಲಿ ರ್‍ಯಾಂಕ್ ಹಾಕಿದ್ರೆ ಸಮ ಬಂದೋವೆಲ್ಲ ಒಳಗೆ ಬಂದು ಮೂರಕ್ಕೆ ನಾಲ್ಕಾಗುತ್ತೆ.

ಸಕಲೇಶಪುರದಿಂದ:
ಹಳೇ 5.7 ಆಗಿದ್ರೆ ವೇರಿಯಬಲ್ ಇಟ್ಟು ಎಣಿಸೋ ಉಪಾಯ ಎಲ್ಲಾ ಕಡೆ ಸಿಗುತ್ತೆ. ನಂಬಬೇಡಿ, ಯಾವ ಕ್ರಮದಲ್ಲಿ ಲೆಕ್ಕ ಆಗುತ್ತೆ ಅನ್ನೋಕೆ ಗ್ಯಾರಂಟಿ ಇಲ್ಲ. 5.7ಕ್ಕೆ ಬೆಂಬಲ 2023ರ ಅಕ್ಟೋಬರ್‌ಗೇ ನಿಂತಿದೆ, ಅಂಗಡಿ ಯಜಮಾನ್ರನ್ನ ಒಪ್ಪಿಸಿ ಅಪ್‌ಗ್ರೇಡ್ ಮಾಡ್ಸಿ. ವೇರ್‌ನಲ್ಲಿ ಇನ್ (IN) ಹಾಕಿ ಅದರೊಳಗಿನ ಕ್ವೆರಿಗೆ ಲಿಮಿಟ್ ಇಡೋಕೂ ಹೋಗ್ಬೇಡಿ, ಮೈಎಸ್‌ಕ್ಯೂಎಲ್ ಎರರ್ ಕೊಡುತ್ತೆ.

ಮೂಡಿಗೆರೆಯಿಂದ:
ಹಾಸನದೋರು ಹೇಳಿದ್ದು ಸರಿ, ಆದ್ರೆ ಮಾರಾಯ್ರೇ, ರೋ_ನಂಬರ್ ಎಲ್ಲಾ ಬಿಲ್‌ಗೂ ನಂಬರ್ ಹಾಕಿದ ಮೇಲೇ ಮೂರನ್ನ ಆರಿಸೋದು. ವರ್ಷಗಟ್ಟಲೆ ಬಿಲ್ ಇದ್ರೆ ಅದೇ ಭಾರ. ಬೆಳೆಗಾರರು ಕಮ್ಮಿ, ತಲಾ ಬಿಲ್ ಜಾಸ್ತಿ ಅಂತಿದ್ರೆ ನಾನು ಲ್ಯಾಟರಲ್ ಬಳಸೋದು, ಅಂದ್ರೆ ಹೊರಗಿನ ಒಂದೊಂದು ಸಾಲಿಗೂ ಒಳಗಿನ ಕ್ವೆರಿ ಓಡಿಸೋ ಜಾಯಿನ್. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ 9.3ರಿಂದ ಇದೆ, ಮೈಎಸ್‌ಕ್ಯೂಎಲ್‌ಗೆ 8.0.14ರಲ್ಲಿ ಬಂತು. ಬೆಳೆಗಾರರ ಟೇಬಲ್‌ನಿಂದ ಶುರು ಮಾಡಿ, ಲ್ಯಾಟರಲ್ ಒಳಗೆ ಅವರವರ ಬಿಲ್ ಆರ್ಡರ್ ಮಾಡಿ ಲಿಮಿಟ್ 3. ಬೆಳೆಗಾರ_ಐಡಿ, ದಿನಾಂಕ, ಬಿಲ್_ನಂ ಮೂರೂ ಸೇರಿಸಿ ಒಂದೇ ಇಂಡೆಕ್ಸ್ (ಬೇಗ ಹುಡುಕೋಕೆ ಡೇಟಾಬೇಸ್ ಇಟ್ಕೊಳ್ಳೋ ಸೂಚಿ) ಇರಲೇಬೇಕು. ಇಲ್ದಿದ್ರೆ ನಿಮ್ಮ ಲೂಪೇ ಬೇರೆ ವೇಷದಲ್ಲಿ ಬಂದ ಹಾಗೆ.

ಕೇಳಿದವರು:
ನಮ್ಮದು 8.0.36. ಲ್ಯಾಟರಲ್ ಓಡ್ತು, ಪೇಜ್ ತಕ್ಷಣ ಬರುತ್ತೆ. ಆದ್ರೆ ಇನ್ನೂ ಒಂದು ಬಿಲ್ಲೂ ಇಲ್ಲದಿರೋ ಬೆಳೆಗಾರರು ಪಟ್ಟಿಯಿಂದಲೇ ಮಾಯ?

ಮೂಡಿಗೆರೆಯಿಂದ:
ಬರೀ ಜಾಯಿನ್ ಕೊಟ್ಟಿದೀರಿ. ಲೆಫ್ಟ್ ಜಾಯಿನ್ ಲ್ಯಾಟರಲ್, ಕೊನೆಗೆ ಆನ್ ಟ್ರೂ. ಅವರ ಬಿಲ್ ಕಾಲಂಗಳಲ್ಲಿ ನಲ್ (ಖಾಲಿ) ಬರುತ್ತೆ, ರಿಪೋರ್ಟ್‌ನಲ್ಲಿ ಅಲ್ಲೊಂದು ಗೆರೆ ಹಾಕ್ಬಿಡಿ.