ಅಬ್ಬಾ ಹೆಸರಿನ ಹಿತ್ತಲು ಪಾಲು ಮಾಡುವುದು ಹೇಗೆ?

ಪ್ರಶ್ನೆ: ಭಟ್ಕಳ ಹತ್ತಿರ ಕಡಲ ಬದಿ 20 ಗುಂಟೆ ಮನೆ-ಹಿತ್ತಲು. ಪಹಣಿ ತೀರಿಹೋದ ಅಬ್ಬಾ ಹೆಸರಲ್ಲೇ ಇದೆ. ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಕಿರಿಯವನು ದುಬೈನಲ್ಲಿ. ಏನೇನು ಮಾಡಬೇಕು?

ಉತ್ತರ: ಸಲಾಂ ಭಾಯ್. ಮೊದಲು ಅಬ್ಬಾ ಅವರ ಸಾಲ ತೀರಬೇಕು. ಮುಸ್ಲಿಂ ವಾರಸಾ ಕಾನೂನಿನಂತೆ, ಅವರ ತಂದೆ-ತಾಯಿ ಬದುಕಿಲ್ಲದಿದ್ದರೆ ಅಮ್ಮನಿಗೆ ಎಂಟನೇ ಒಂದು ಪಾಲು, ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಅಂದರೆ ಅಮ್ಮನಿಗೆ ಎರಡೂವರೆ ಗುಂಟೆ, ಗಂಡುಮಕ್ಕಳಿಗೆ ಏಳೇಳು, ಮಗಳಿಗೆ ಮೂರೂವರೆ. ಮದುವೆಗೆ ಖರ್ಚು ಮಾಡಿದ್ದೇವೆ ಎಂದು ಮಗಳ ಪಾಲು ಬಿಡಬೇಡಿ, ಅದು ಅವಳ ಹಕ್ಕು.

ಉತ್ತರ: ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣಪತ್ರ ಸೇರಿಸಿ ಪೌತಿ ಖಾತೆಗೆ (ತೀರಿಹೋದವರ ಬದಲು ವಾರಸುದಾರರ ಹೆಸರು ಸೇರಿಸಲು) ಅರ್ಜಿ ಕೊಡಿ. ಅರ್ಜಿ ಎಡವುವುದು ಹೆಸರಿನಲ್ಲಿ: ಪಹಣಿಯಲ್ಲಿ ‘ಮಹಮದ’, ಆಧಾರ್‌ನಲ್ಲಿ ‘ಮೊಹಮ್ಮದ್’ ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗಿರಲಿ. ಪೌತಿಯಿಂದ ಎಲ್ಲರ ಹೆಸರು ಜಂಟಿಯಾಗಿ ಬರುತ್ತದೆ, ಅಷ್ಟೇ. ಬೇರೆ ಬೇರೆ ಪಹಣಿ ಬೇಕಾದರೆ 11ಇ ನಕ್ಷೆ (ಪಾಲಾಗುವ ತುಂಡುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಿ.

ಉತ್ತರ: ದುಬೈನವರು ತಮ್ಮ ಪರವಾಗಿ ಇಲ್ಲಿ ಸಹಿ ಹಾಕಲು ಪವರ್ ಆಫ್ ಅಟಾರ್ನಿಯನ್ನು ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಕಡಲ ಬದಿಯ ತುಂಡನ್ನು ಒಬ್ಬರ ತಲೆಗೇ ಕಟ್ಟಬೇಡಿ: 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಂತೆ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್, ಜನ ದಟ್ಟವಾಗಿರುವಲ್ಲಿ 50 ಮೀಟರ್ ಒಳಗೆ ಹೊಸ ಮನೆಗೆ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ.