ಸಿಡಿ ಡ್ರೈವೇ ಇಲ್ಲದ ಹಳೇ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ನಿಂದ ಓಎಸ್ ಹಾಕೋಕೆ ಹೋದ್ರೆ ಸಿಡಿ ಡ್ರೈವರ್ ಕೇಳ್ತಿದೆ, ಏನ್ಮಾಡ್ಲಿ?

ಕೀಲಿಮಣೆ:
ಎಲ್ಲರಿಗೂ ನಮಸ್ಕಾರ. ಅಣ್ಣ ಬಳಸ್ತಿದ್ದ ಹಳೇ ಲ್ಯಾಪ್‌ಟಾಪ್ ಒಂದಿದೆ, 2012ರದ್ದು, ಥರ್ಡ್ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ತೆಳ್ಳಗಿರೋ ಮಾಡೆಲ್, ಹಾಗಾಗಿ ಸಿಡಿ ಡ್ರೈವ್ ಮೊದಲಿಂದಲೂ ಇಲ್ಲ. ಒಳಗಿರೋ ವಿಂಡೋಸ್ 7 ಈಗ ಲೋಗೋ ತೋರಿಸಿ ಅಲ್ಲೇ ನಿಂತುಬಿಡುತ್ತೆ. ತಂಗಿಗೆ ವಿಡಿಯೋ ಪಾಠ ನೋಡೋಕೆ, ಏನಾದ್ರೂ ಟೈಪ್ ಮಾಡೋಕೆ ಇದನ್ನೇ ಸರಿಮಾಡಿ ಕೊಡೋಣ ಅಂತ.

ನನ್ನ ಕಂಪ್ಯೂಟರ್‌ನಲ್ಲಿ ರೂಫಸ್ (ಬೂಟ್ ಆಗೋ ಪೆನ್‌ಡ್ರೈವ್ ಮಾಡೋ ಟೂಲ್) ಹಾಕ್ಕೊಂಡು ವಿಂಡೋಸ್ 7 ಐಎಸ್‌ಒದಿಂದ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲಿರೋ ಫೈಲ್) 8 ಜಿಬಿ ಪೆನ್‌ಡ್ರೈವ್ ರೆಡಿ ಮಾಡಿದೆ. ಬೂಟ್ ಆಗುತ್ತೆ, ಭಾಷೆ ಕೇಳೋ ಸ್ಕ್ರೀನ್ ಕೂಡ ಬರುತ್ತೆ, ಇನ್‌ಸ್ಟಾಲ್ ಅಂತ ಒತ್ತಿದ್ ತಕ್ಷಣ ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಸಿಗ್ತಿಲ್ಲ, ಇದ್ರೆ ಹಾಕಿ ಅನ್ನೋ ಮೆಸೇಜ್ ಬಂದು ನಿಲ್ಲುತ್ತೆ. ಡ್ರೈವೇ ಇಲ್ಲದ ಮೆಷೀನ್‌ಗೆ ಯಾವ ಡ್ರೈವರ್ ಹಾಕ್ಲಿ? ಯುಎಸ್‌ಬಿಗೆ ಚುಚ್ಚೋ ಎಕ್ಸ್‌ಟರ್ನಲ್ ಡಿವಿಡಿ ಡ್ರೈವ್ ತಗೊಂಡ್ರೆ ಸರಿಹೋಗುತ್ತಾ? ಇನ್ನೊಂದು ವಿಷ್ಯ, ಡಿಸ್ಕ್‌ನಲ್ಲಿ ಅಣ್ಣನ ಫೋಟೋಗಳು ತುಂಬಾ ಇವೆ, ಅವು ಮಾತ್ರ ಹೋಗಬಾರದು.

ಬೂಟ್‌ಸೆಕ್ಟರ್:
ಡಿವಿಡಿ ಡ್ರೈವ್ ತಗೋಬೇಡಿ, ಅದನ್ನ ಅದೇ ಯುಎಸ್‌ಬಿ ಪೋರ್ಟ್‌ಗೆ ಹಾಕಿದ್ರೂ ಇದೇ ಮೆಸೇಜ್ ಬರಬಹುದು. ಆ ಮೆಸೇಜ್ ಬರೆದಿರೋದು ಎಲ್ಲರೂ ಡಿವಿಡಿಯಿಂದಲೇ ಇನ್‌ಸ್ಟಾಲ್ ಮಾಡ್ತಿದ್ದ ಕಾಲದಲ್ಲಿ, ಅದು ನಿಜವಾಗಿ ಹೇಳ್ತಿರೋದು "ಇನ್‌ಸ್ಟಾಲ್ ಫೈಲ್‌ಗಳಿರೋ ಜಾಗ ನನಗೆ ಕಾಣಿಸ್ತಿಲ್ಲ" ಅಂತ ಅಷ್ಟೇ.

ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಪೋರ್ಟ್‌ಗಳ ಒಳಗೆ ಬಗ್ಗಿ ನೋಡಿ. ಒಂದೋ ಎರಡೋ ಪೋರ್ಟ್‌ನ ನಾಲಿಗೆ ನೀಲಿ ಬಣ್ಣದ್ದಿರುತ್ತೆ, ಅದು ಯುಎಸ್‌ಬಿ 3.0. ಕಪ್ಪಗಿರೋದು 2.0. ವಿಂಡೋಸ್ 7 ಬಂದಿದ್ದು 2009ರಲ್ಲಿ, ಅದರ ಇನ್‌ಸ್ಟಾಲರ್‌ನಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ, ವಿಂಡೋಸ್ 8ರಿಂದಲೇ ಅದು ಒಳಗಡೆ ಸೇರಿದ್ದು. ಹಾಗಾದ್ರೆ ಬೂಟ್ ಹೇಗಾಯ್ತು ಅಂತ ನಿಮಗೆ ಅನ್ನಿಸಬಹುದು. ಶುರುವಿನಲ್ಲಿ ಪೆನ್‌ಡ್ರೈವ್ ಓದೋದು ಬಯಾಸ್, ಅಂದ್ರೆ ಮದರ್‌ಬೋರ್ಡ್‌ನಲ್ಲೇ ಇರೋ ಶುರುವಿನ ಪ್ರೋಗ್ರಾಂ, ಅದಕ್ಕೆ ಯಾವ ಪೋರ್ಟ್ ಆದ್ರೂ ನಡೆಯುತ್ತೆ, ಅದು ಸೆಟಪ್‌ನ ಮೊದಲ ಭಾಗವನ್ನ ರ‍್ಯಾಮ್‌ಗೆ ತುಂಬಿಸಿ ಕೈ ಬಿಡುತ್ತೆ. ಅಲ್ಲಿಂದ ಮುಂದಕ್ಕೆ ವಿಂಡೋಸ್ ತನ್ನದೇ ಡ್ರೈವರ್ ಇಟ್ಕೊಂಡು ಪೆನ್‌ಡ್ರೈವ್ ಹುಡುಕಬೇಕು, ನೀಲಿ ಪೋರ್ಟ್‌ನಲ್ಲಿದ್ರೆ ಅದರ ಕಣ್ಣಿಗೆ ಏನೂ ಬೀಳಲ್ಲ. ಭಾಷೆ ಕೇಳೋವರೆಗೂ ಸರಿ ಇದ್ದು ಆಮೇಲೆ ನಿಲ್ಲೋದು ಇದಕ್ಕೇ. ಪೆನ್‌ಡ್ರೈವ್ ಕಪ್ಪು ಪೋರ್ಟ್‌ಗೆ ಹಾಕಿ ಮೊದಲಿಂದ ಬೂಟ್ ಮಾಡಿ.

ಆಗಲೂ ಅದೇ ಬಂದ್ರೆ ಐಎಸ್‌ಒ ಫೈಲೇ ಅರ್ಧಂಬರ್ಧ ಡೌನ್‌ಲೋಡ್ ಆಗಿರಬಹುದು, ಶಾ-256 ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕೋ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ.

ಹಗುರ:
ಬ್ರೋ ಹಳೇ ಮೆಷೀನ್ ಅಂತೀರ, 4 ಜಿಬಿ ರ‍್ಯಾಮ್ ಬೇರೆ, 32 ಬಿಟ್ ಓಎಸ್ ಹಾಕ್ಬಿಡಿ ಲೈಟ್ ಆಗಿ ಓಡುತ್ತೆ. ವಿಂಡೋಸ್ 10ರ 32 ಬಿಟ್ ಸಿಕ್ಕಿದ್ರೆ ಯುಎಸ್‌ಬಿ 3.0 ತಲೆನೋವೂ ಇರಲ್ಲ.

ಟರ್ಮಿನಲ್‌ಪ್ರಿಯ:
ಇಲ್ಲ ಹಗುರ ಅವರೇ, ಈ ಮೆಷೀನ್‌ಗೆ 32 ಬಿಟ್ ಬೇಡ. ಥರ್ಡ್ ಜನರೇಷನ್ ಐ3 ಅಂದ್ರೆ 64 ಬಿಟ್ ಪ್ರೊಸೆಸರ್. 32 ಬಿಟ್ ವಿಂಡೋಸ್ ಹಾಕಿದ್ರೆ 4 ಜಿಬಿಯಲ್ಲಿ 3 ಜಿಬಿ ಚಿಲ್ಲರೆ ಮಾತ್ರ ಬಳಕೆಗೆ ಬರುತ್ತೆ, ಇರೋದೇ ಕಮ್ಮಿ, ಅದರಲ್ಲೂ ಒಂದಿಷ್ಟು ಕಳ್ಕೊಂಡ ಹಾಗೆ. ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್ ಲಿನಕ್ಸ್ ಕಡೆ ಬಂದ್ರೆ ಕ್ರೋಮ್ 2016ರಲ್ಲೇ 32 ಬಿಟ್ ನಿಲ್ಲಿಸಿದೆ, ಲಿನಕ್ಸ್‌ನ ಬಗೆಗಳಲ್ಲಿ ಲಿನಕ್ಸ್ ಮಿಂಟ್ 2020ರಲ್ಲಿ 20ನೇ ಆವೃತ್ತಿಯಿಂದ ನಿಲ್ಲಿಸ್ತು, ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ. ನಿಜವಾಗ್ಲೂ 32 ಬಿಟ್ ಪ್ರೊಸೆಸರ್ ಇರೋರಿಗೆ ಆಂಟಿಎಕ್ಸ್ ಥರದ್ದು ಇನ್ನೂ ಇದೆ, ಅದು ಬೇರೆ ಮಾತು.

ಕೀಲಿಮಣೆ ಅವರೇ, ನನ್ನ ಕೇಳಿದ್ರೆ ವಿಂಡೋಸ್ 7 ಮತ್ತೆ ಹಾಕಲೇಬೇಡಿ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2020 ಜನವರಿಯಲ್ಲೇ ನಿಂತಿದೆ, ಈಗಿನ ಬ್ರೌಸರ್‌ಗಳೂ ಅದನ್ನ ಕೈಬಿಟ್ಟಿವೆ. ಚಿಕ್ಕ ಹುಡುಗಿ ದಿನಾ ಇಂಟರ್‌ನೆಟ್‌ಗೆ ಹೋಗೋ ಮೆಷೀನ್ ಅದು, ಹಳೇದು ಅನ್ನೋ ಕಾರಣಕ್ಕೆ ಬಾಗಿಲು ತೆಗೆದಿಟ್ಟು ಕೊಡಬಾರದು. ವಿಂಡೋಸ್ 10ಕ್ಕೂ ಮಾಮೂಲಿ ಸಪೋರ್ಟ್ 2025 ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಕೇಳುತ್ತೆ, ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಈಚೆಗಿನದ್ದು ಕೇಳುತ್ತೆ, ನಿಮ್ಮದು ಅದರ ಲೆಕ್ಕಕ್ಕೇ ಬರಲ್ಲ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್‌ನ ಎಡಿಷನ್ ಹಾಕಿ, 2 ಜಿಬಿ ರ‍್ಯಾಮ್ ಇದ್ರೂ ಏಳುತ್ತೆ, 4 ಇದ್ರೆ ಆರಾಮ, ಅಪ್‌ಡೇಟ್ 2029ರವರೆಗೂ ಬರುತ್ತೆ.

ಪೆನ್‌ಡ್ರೈವ್ ಮಾಡೋದೂ ಸುಲಭ. ಈಗಿನ ಲಿನಕ್ಸ್ ಐಎಸ್‌ಒಗಳೆಲ್ಲ ಹೈಬ್ರಿಡ್, ಅಂದ್ರೆ ಅದೇ ಫೈಲ್ ಸಿಡಿಗೆ ಬರೆದ್ರೂ ಬೂಟ್ ಆಗುತ್ತೆ, ಪೆನ್‌ಡ್ರೈವ್‌ಗೆ ಬೈಟ್ ಬೈಟ್ ಹಾಗೇ ಇಳಿಸಿದ್ರೂ ಬೂಟ್ ಆಗುತ್ತೆ, ಶುರುವಿನಲ್ಲೇ ಹಾರ್ಡ್‌ಡಿಸ್ಕ್‌ನ ಹಾಗೆ ಒಂದು ಪಾರ್ಟಿಷನ್ ಟೇಬಲ್ (ಡಿಸ್ಕ್‌ನ ಭಾಗಗಳ ಪಟ್ಟಿ) ಸೇರಿಸಿರ್ತಾರೆ. ವಿಂಡೋಸ್ ಐಎಸ್‌ಒ ಹಾಗಲ್ಲ, ಅದಕ್ಕೇ ಎಚರ್ ಥರದ, ಫೈಲ್ ಹಾಗೇ ಇಳಿಸೋ ಟೂಲ್‌ನಲ್ಲಿ ವಿಂಡೋಸ್ ಐಎಸ್‌ಒ ಬರೆದ್ರೆ ಏಳಲ್ಲ, ರೂಫಸ್ ಬೇಕಾಗುತ್ತೆ. ರೂಫಸ್‌ನಲ್ಲಿ ಮಿಂಟ್ ಐಎಸ್‌ಒ ಕೊಟ್ಟಾಗ ಐಎಸ್‌ಒ ಮೋಡಾ ಡಿಡಿ ಮೋಡಾ ಅಂತ ಕೇಳುತ್ತೆ, ಮೊದಲು ಐಎಸ್‌ಒ ಮೋಡ್ ಕೊಡಿ, ಬೂಟ್ ಆಗಲಿಲ್ಲ ಅಂದ್ರೆ ಡಿಡಿ, ಅದು ಬೈಟ್ ಬೈಟ್ ಹಾಗೇ ಇಳಿಸೋ ಮೋಡ್.

ಫೋಟೋ ವಿಷಯ: ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಆದ್ರೆ ಮೊದಲು ಲೈವ್ ಡೆಸ್ಕ್‌ಟಾಪ್ ಬರುತ್ತೆ, ಆಗ ಡಿಸ್ಕ್‌ಗೆ ಏನೂ ಬರೆಯಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಹಳೇ ಸಿ ಡ್ರೈವ್ ತೆಗೆದು ಯೂಸರ್ಸ್ ಫೋಲ್ಡರ್ ಒಳಗಿಂದ ಎಲ್ಲಾ ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ, ಒಂದಷ್ಟು ಫೋಟೋ ಬೇರೆ ಕಂಪ್ಯೂಟರ್‌ನಲ್ಲಿ ಓಪನ್ ಮಾಡಿ ನೋಡಿ, ಆಮೇಲೇ ಇನ್‌ಸ್ಟಾಲ್ ಐಕಾನ್ ಮುಟ್ಟಿ. ಸಿ ಡ್ರೈವ್ ಮೌಂಟ್ ಆಗಲ್ಲ (ತೆರೆದುಕೊಳ್ಳಲ್ಲ) ಅಂತ ತಕರಾರು ಮಾಡಿದ್ರೆ ರೀಡ್ ಓನ್ಲಿ (ಓದೋಕೆ ಮಾತ್ರ) ಆಗಿ ಮೌಂಟ್ ಮಾಡಿ, ಕಾಪಿಗೆ ಅಷ್ಟು ಸಾಕು.

ಮತ್ತೆ, ವಿಂಡೋಸ್ ಲೋಗೋದಲ್ಲಿ ನಿಲ್ಲೋದಕ್ಕೆ ವಿಂಡೋಸೇ ಕಾರಣ ಆಗಿರಬೇಕು ಅಂತೇನಿಲ್ಲ, ಡಿಸ್ಕ್ ಹೋಗ್ತಿರಬಹುದು. ಲೈವ್‌ನಲ್ಲಿ ಡಿಸ್ಕ್ಸ್ ಅನ್ನೋ ಆ್ಯಪ್ ಇದೆ, ಅದರ ಮೆನುವಿನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡೋ ಲೆಕ್ಕ) ನೋಡಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾದ ಜಾಗ), ಪೆಂಡಿಂಗ್ ಸೆಕ್ಟರ್ (ಓದೋಕೆ ಆಗದೆ ಅನುಮಾನದಲ್ಲಿರೋ ಜಾಗ) ಎರಡೂ ಸೊನ್ನೆ ಇರ್ಬೇಕು. ಪೆಂಡಿಂಗ್ ಏರ್ತಾ ಹೋಗ್ತಿದ್ರೆ ಆ ಡಿಸ್ಕ್‌ಗೆ ಯಾವ ಓಎಸ್ ಹಾಕಿಯೂ ಉಪಯೋಗ ಇಲ್ಲ, ಎಸ್‌ಎಸ್‌ಡಿ ಹಾಕೋದೇ ದಾರಿ.

ಕೀಲಿಮಣೆ:
ತುಂಬಾ ಥ್ಯಾಂಕ್ಸ್. ಬೂಟ್‌ಸೆಕ್ಟರ್ ಸರ್ ಹೇಳಿದ್ದು ಸರಿ, ಪೆನ್‌ಡ್ರೈವ್ ನೀಲಿ ಪೋರ್ಟ್‌ನಲ್ಲೇ ಇತ್ತು, ಕಪ್ಪು ಪೋರ್ಟ್‌ಗೆ ಹಾಕಿದ್ರೆ ಮೆಸೇಜ್ ಬರದೆ ಡಿಸ್ಕ್ ಆರಿಸೋ ತನಕ ಹೋಯ್ತು. ಆದ್ರೆ ಅಪ್‌ಡೇಟ್ ವಿಷಯ ಓದಿದ ಮೇಲೆ ಅಲ್ಲಿಗೇ ನಿಲ್ಲಿಸಿ ಮಿಂಟ್ ಪೆನ್‌ಡ್ರೈವ್ ಮಾಡಿದೆ, ಐಎಸ್‌ಒ ಮೋಡ್‌ನಲ್ಲಿ ಏಳಲಿಲ್ಲ, ಡಿಡಿ ಮೋಡ್‌ನಲ್ಲಿ ಎದ್ದಿದೆ. ಫೋಟೋ ಎಲ್ಲ ಕಾಪಿ ಆಗಿದೆ, ಸ್ಮಾರ್ಟ್‌ನಲ್ಲಿ ಎರಡೂ ಸೊನ್ನೆ.

ಈಗ ಒಂದು ಡೌಟು, ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತೆ, ಒಂದು ಬರೀ ಕಂಪನಿ ಹೆಸರು, ಇನ್ನೊಂದರ ಮುಂದೆ ಯುಇಎಫ್ಐ ಅಂತಿದೆ. ಯಾವುದರಿಂದ ಬೂಟ್ ಮಾಡಿ ಇನ್‌ಸ್ಟಾಲ್ ಮಾಡ್ಬೇಕು? ಎರಡರಲ್ಲೂ ಡೆಸ್ಕ್‌ಟಾಪ್ ಬರುತ್ತೆ.

ಬೂಟ್‌ಸೆಕ್ಟರ್:
ಒಳ್ಳೇ ಪ್ರಶ್ನೆ, ಇನ್‌ಸ್ಟಾಲ್ ಆಯ್ತು ಆದ್ರೆ ಬೂಟ್ ಆಗ್ತಿಲ್ಲ ಅಂತ ಬರೋ ಕಂಪ್ಲೇಂಟ್‌ಗಳಲ್ಲಿ ಎಷ್ಟೋ ಇಲ್ಲೇ ಹುಟ್ಟೋದು. ಯುಇಎಫ್ಐ ಅಂದ್ರೆ ಬಯಾಸ್‌ನ ಹೊಸ ರೂಪ. ಯಾವ ಸಾಲಿನಿಂದ ಬೂಟ್ ಮಾಡ್ತೀರೋ ಇನ್‌ಸ್ಟಾಲರ್ ಅದೇ ರೀತಿಯ ಬೂಟ್‌ಲೋಡರ್ (ಓಎಸ್ ಶುರು ಮಾಡೋ ಪುಟ್ಟ ಪ್ರೋಗ್ರಾಂ) ಹಾಕುತ್ತೆ. ಯುಇಎಫ್ಐ ಸಾಲಿನಿಂದ ಎದ್ದಿದ್ರೆ ಡಿಸ್ಕ್‌ನಲ್ಲಿ ಒಂದು ಚಿಕ್ಕ ಫ್ಯಾಟ್32 ಪಾರ್ಟಿಷನ್ ಮಾಡಿ ಅದರಲ್ಲಿ ಬೂಟ್ ಫೈಲ್ ಇಟ್ಟು, ಮದರ್‌ಬೋರ್ಡ್‌ನ ಮೆಮೊರಿಯಲ್ಲಿ ಇಲ್ಲಿಂದ ಶುರು ಮಾಡು ಅಂತ ಒಂದು ಎಂಟ್ರಿ ಬರೆಯುತ್ತೆ. ಇನ್ನೊಂದರಿಂದ ಎದ್ದಿದ್ರೆ ಹಳೇ ಪದ್ಧತಿ, ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲೇ ಬೂಟ್ ಕೋಡ್. ಈಗ ಯಾವುದರಲ್ಲಿ ಇದ್ದೀರಿ ಅಂತ ಲೈವ್‌ನಲ್ಲೇ ನೋಡ್ಬಹುದು, ಸಿಸ್ ಡೈರೆಕ್ಟರಿ, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್ಐ ಅನ್ನೋ ಫೋಲ್ಡರ್ ಇದ್ರೆ ಯುಇಎಫ್ಐ, ಇಲ್ಲದಿದ್ರೆ ಹಳೇ ಪದ್ಧತಿ.

ನಿಮ್ಮ ಮೆಷೀನ್‌ಗೆ ನಾನು ಹೇಳೋದು ಯುಇಎಫ್ಐ ಇಲ್ಲದ ಸಾಲು. 2012ರ ಹೊತ್ತಿನ ಕೆಲವು ಲ್ಯಾಪ್‌ಟಾಪ್‌ಗಳ ಯುಇಎಫ್ಐ ಸರಿಯಾಗಿ ಪಳಗಿರಲಿಲ್ಲ, ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೋ ಹೆಸರು ಬಿಟ್ಟು ಬೇರೆ ಎಂಟ್ರಿಯನ್ನ ಕಡೆಗಣಿಸೋವೂ ಇದಾವೆ. ಹಳೇ ಪದ್ಧತಿಯ ಪಾರ್ಟಿಷನ್ ಟೇಬಲ್ ಆದ ಎಂಬಿಆರ್‌ಗೆ ಇರೋ ದೊಡ್ಡ ಮಿತಿ 2 ಟಿಬಿ, ನಿಮ್ಮ ಡಿಸ್ಕ್ 500 ಜಿಬಿ, ಅದು ಅಡ್ಡ ಬರಲ್ಲ. ಪೂರ್ತಿ ಡಿಸ್ಕ್ ಅಳಿಸಿ ಹಾಕ್ತಿರೋದ್ರಿಂದ ಹಳೇ ವಿಂಡೋಸ್ ಜೊತೆ ಹೊಂದಿಸೋ ತೊಂದರೆಯೂ ಇಲ್ಲ. ಇನ್‌ಸ್ಟಾಲರ್ ಬೂಟ್‌ಲೋಡರ್ ಎಲ್ಲಿ ಹಾಕ್ಲಿ ಅಂತ ಕೇಳಿದ್ರೆ ಪೆನ್‌ಡ್ರೈವ್ ಅಲ್ಲ, ಹಾರ್ಡ್‌ಡಿಸ್ಕ್ ಅಂತ ಸೈಜ್ ನೋಡಿ ಖಚಿತ ಮಾಡ್ಕೊಳ್ಳಿ.

ಸ್ಕ್ರೂಡ್ರೈವರ್:
ಇದನ್ನ ಆಮೇಲೆ ಓದೋರಿಗೆ ಸೇರಿಸ್ತೀನಿ, ಯಾಕಂದ್ರೆ ಕೀಲಿಮಣೆ ಅವರ ಮೆಷೀನ್ ಪೆನ್‌ಡ್ರೈವ್ ಒಪ್ಕೊಳ್ತು, ಅದಕ್ಕಿಂತ ಹಳೇವು ಎಷ್ಟೋ ಒಪ್ಪಲ್ಲ. ಬೂಟ್ ಮೆನು ಕೀ ಒಂದೊಂದು ಕಂಪನಿಗೆ ಒಂದೊಂದು, ಡೆಲ್ ಮತ್ತೆ ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸುಸ್‌ನಲ್ಲಿ ಎಸ್ಕೇಪ್. ಮೆನುವಿನಲ್ಲಿ ಯುಎಸ್‌ಬಿ ಅಂತ ಇಲ್ಲ ಅಂದ ಕೂಡಲೇ ಬಿಟ್ಬಿಡಬೇಡಿ, ಹಳೇ ಬಯಾಸ್‌ಗಳು ಪೆನ್‌ಡ್ರೈವ್‌ನ ಇನ್ನೊಂದು ಹಾರ್ಡ್‌ಡಿಸ್ಕ್ ಅಂತಲೇ ಲೆಕ್ಕ ಹಾಕ್ತವೆ. ಸೆಟಪ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಹಾರ್ಡ್ ಡ್ರೈವ್ ಅನ್ನೋ ಸಾಲಿನ ಮೇಲೆ ಎಂಟರ್ ಒತ್ತಿದ್ರೆ ಅದರ ಕೆಳಗೆ ಡಿಸ್ಕೂ ಪೆನ್‌ಡ್ರೈವೂ ಎರಡೂ ಕಾಣ್ತವೆ, ಪೆನ್‌ಡ್ರೈವ್‌ನ ಮೇಲಕ್ಕೆ ತನ್ನಿ. ಪೆನ್‌ಡ್ರೈವ್ ಚುಚ್ಚಿಟ್ಟೇ ಮೆಷೀನ್ ಆನ್ ಮಾಡಿರ್ಬೇಕು, ಇಲ್ಲಾಂದ್ರೆ ಲಿಸ್ಟ್‌ಗೇ ಬರಲ್ಲ.

ಬಯಾಸ್‌ಗೆ ಯುಎಸ್‌ಬಿ ಬೂಟೇ ಗೊತ್ತಿಲ್ಲ ಅಂದ್ರೆ ಪ್ಲಾಪ್ ಬೂಟ್ ಮ್ಯಾನೇಜರ್ ಅಂತ ಪುಟ್ಟ ಪ್ರೋಗ್ರಾಂ ಇದೆ, ತನ್ನದೇ ಯುಎಸ್‌ಬಿ ಡ್ರೈವರ್ ಇದೆ ಅದಕ್ಕೆ, ಹಾರ್ಡ್‌ಡಿಸ್ಕ್‌ನಿಂದ ಶುರುವಾಗಿ ಪೆನ್‌ಡ್ರೈವ್‌ಗೆ ಕೈ ದಾಟಿಸುತ್ತೆ. ನೆಟ್‌ವರ್ಕ್ ಕೇಬಲ್ ಮೇಲೆ ಪಿಎಕ್ಸ್‌ಇ ಬೂಟ್ ಇನ್ನೊಂದು ದಾರಿ, ಆದ್ರೆ ಅದಕ್ಕೆ ಇನ್ನೊಂದು ಕಂಪ್ಯೂಟರ್ ಸರ್ವರ್ ಆಗ್ಬೇಕು.

ನನಗೆ ಇಷ್ಟ ಆಗೋದು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಅಲ್ಲೇ ಲಿನಕ್ಸ್ ಇನ್‌ಸ್ಟಾಲ್ ಮಾಡಿ ವಾಪಸ್ ತಂದು ಕೂರಿಸೋದು, ಹಿಂದುಗಡೆ ಸ್ಕ್ರೂ ಬಿಚ್ಚಿದ್ರೆ ಸಾಕಾಗೋ ಮಾಡೆಲ್ ಆದ್ರೆ ಬೇಗ ಮುಗಿಯುತ್ತೆ. ಲಿನಕ್ಸ್ ಪ್ರತಿ ಸಲ ಬೂಟ್ ಆಗುವಾಗ ಹಾರ್ಡ್‌ವೇರ್ ನೋಡ್ಕೊಂಡು ಡ್ರೈವರ್ ಹಾಕ್ಕೊಳ್ಳುತ್ತೆ, ಹಾಗಾಗಿ ಮೆಷೀನ್ ಬದಲಾದ್ರೂ ಸಾಮಾನ್ಯವಾಗಿ ಎದ್ದೇಳುತ್ತೆ. ಹಳೇ ವಿಂಡೋಸ್‌ನಲ್ಲಿ ಹೀಗೆ ಮಾಡಿದ್ರೆ ಡಿಸ್ಕ್ ಕಂಟ್ರೋಲರ್ ಬೇರೆ ಆಗಿ ನೀಲಿ ಸ್ಕ್ರೀನ್ ಮೇಲೆ 7ಬಿ ಎರರ್ ಬರೋದುಂಟು. ಇನ್‌ಸ್ಟಾಲ್ ಮಾಡೋವಾಗ ಆ ಕಂಪ್ಯೂಟರ್‌ನ ಸ್ವಂತ ಡಿಸ್ಕ್ ಕೇಬಲ್ ತೆಗೆದಿಡಿ, ಇಲ್ಲಾಂದ್ರೆ ಬೂಟ್‌ಲೋಡರ್ ಅದರ ಮೇಲೆ ಹೋಗಿ ಕೂತ್ಕೊಳ್ಳುತ್ತೆ.

ಕೀಲಿಮಣೆ:
ಮಿಂಟ್ ಇನ್‌ಸ್ಟಾಲ್ ಆಯ್ತು, ಪೆನ್‌ಡ್ರೈವ್ ತೆಗೆದ ಮೇಲೂ ತಾನಾಗೇ ಬೂಟ್ ಆಗ್ತಿದೆ, ವೈಫೈ ಕೂಡ ಸಿಕ್ತು. ಎಲ್ಲರಿಗೂ ಮನಸ್ಸಾರೆ ಧನ್ಯವಾದ. ಎರಡು ವಿಷ್ಯ ಉಳಿದಿದೆ. ವಿಡಿಯೋ 1080ರಲ್ಲಿ ಹಾಕಿದ್ರೆ ತಡವರಿಸುತ್ತೆ, ಫ್ಯಾನ್ ಜೋರಾಗಿ ತಿರುಗುತ್ತೆ. ಇನ್ನೊಂದು, ಅದೇ ಪೆನ್‌ಡ್ರೈವ್ ನನ್ನ ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದ್ರೆ 8 ಜಿಬಿ ಇದ್ದಿದ್ದು ಈಗ ಕೆಲವೇ ಎಂಬಿ ತೋರಿಸ್ತಿದೆ, ಫಾರ್ಮ್ಯಾಟ್ ಮಾಡಿದ್ರೂ ಅಷ್ಟೇ. ಹಾಳಾಯ್ತಾ?

ಟರ್ಮಿನಲ್‌ಪ್ರಿಯ:
ವಿಡಿಯೋ: ಆ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಎಚ್.264 ಅನ್ನೋ ವಿಡಿಯೋ ಫಾರ್ಮ್ಯಾಟ್‌ನ ಹಾರ್ಡ್‌ವೇರ್‌ನಲ್ಲೇ ಬಿಡಿಸೋಕೆ ಬರುತ್ತೆ, ವಿಪಿ9 ಅನ್ನೋ ಫಾರ್ಮ್ಯಾಟ್ ಬರಲ್ಲ. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಅಥವಾ ಎವಿ1 ಕಳಿಸೋದು, ಆ ಕೆಲಸ ಎಲ್ಲ ಸಿಪಿಯು ಮೇಲೆ ಬೀಳುತ್ತೆ. ಎಚ್.264 ಮಾತ್ರ ಕೊಡು ಅಂತ ಕೇಳೋ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ, ಅಂಥದ್ದೊಂದು ಹಾಕಿ, 720ರಲ್ಲಿ ನೋಡೋಕೆ ಹೇಳಿ, ಆ ಸೈಜಿನ ಸ್ಕ್ರೀನ್‌ಗೆ ಅದು ಚೆನ್ನಾಗೇ ಕಾಣುತ್ತೆ.

ಪೆನ್‌ಡ್ರೈವ್ ಹಾಳಾಗಿಲ್ಲ. ಡಿಡಿ ಮೋಡ್‌ನಲ್ಲಿ ಲಿನಕ್ಸ್‌ನ ಪಾರ್ಟಿಷನ್ ಟೇಬಲ್ ಹಾಗೇ ಇಳಿದಿದೆ, ವಿಂಡೋಸ್‌ಗೆ ಅದರಲ್ಲಿರೋ ಚಿಕ್ಕ ಯುಇಎಫ್ಐ ಪಾರ್ಟಿಷನ್ ಮಾತ್ರ ಅರ್ಥ ಆಗ್ತಿದೆ, ನೀವು ಫಾರ್ಮ್ಯಾಟ್ ಮಾಡಿದ್ದೂ ಅಷ್ಟನ್ನೇ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಡಿಸ್ಕ್‌ಪಾರ್ಟ್ ಶುರು ಮಾಡಿ, ಲಿಸ್ಟ್ ಡಿಸ್ಕ್ ಕೊಟ್ಟು 8 ಜಿಬಿ ಹತ್ತಿರದ ಸೈಜ್ ಇರೋದರ ನಂಬರ್ ನೋಡ್ಕೊಳ್ಳಿ, ಸೆಲೆಕ್ಟ್ ಡಿಸ್ಕ್ ಆ ನಂಬರ್, ಆಮೇಲೆ ಕ್ಲೀನ್. ಕ್ಲೀನ್ ಒತ್ತೋ ಮುಂಚೆ ಇನ್ನೊಂದು ಸಲ ಲಿಸ್ಟ್ ಡಿಸ್ಕ್ ಕೊಡಿ, ಆರಿಸಿದ ಡಿಸ್ಕ್ ಮುಂದೆ ನಕ್ಷತ್ರದ ಗುರುತು ಇರುತ್ತೆ, ಅದು ಪೆನ್‌ಡ್ರೈವ್ ಸಾಲಿನಲ್ಲೇ ಇದೆಯಾ ನೋಡಿ, ಯಾಕಂದ್ರೆ ಕ್ಲೀನ್ ಏನೂ ಕೇಳದೆ ಟೇಬಲ್ ಅಳಿಸುತ್ತೆ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಪಾರ್ಟಿಷನ್ ಮಾಡಿದ್ರೆ ಪೂರ್ತಿ ಸೈಜ್ ವಾಪಸ್ ಬರುತ್ತೆ.